ಇಸಿಯೋಲೋದಿಂದ ಆಚೆಗೆ

ನನ್ನ ಹಳೆಯ ಸಲಕರಣೆ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದ ಹಾಳೆಯೊಂದು ಇಂದಿಗೂ ಕಿತ್ತುಹೋಗದೆ ಉಳಿದಿದೆ. ಪ್ರಯಾಣಕ್ಕೆ ಹೊರಡುವ ಮುನ್ನ ಎಣಿಸಿಕೊಳ್ಳಬೇಕಾದ ಮೂವತ್ತೊಂದು ವಸ್ತುಗಳ ಪಟ್ಟಿ ಅದು. ಡೀಸೆಲ್ ಕಲೆ ಹರಡಿ ಅರ್ಧದಷ್ಟು ಅಕ್ಷರಗಳು ಮಸುಕಾಗಿದ್ದರೂ ಕೊನೆಯ ಸಾಲಿನ ಕೆಳಗೆ ಎಳೆದಿರುವ ಮೂರು ಗೆರೆಗಳು ಎದ್ದು ಕಾಣುತ್ತವೆ: ‘ರೆಡ್ಯೂಸರ್, ಎರಡು’. 2007ರಿಂದ 2011ರವರೆಗೆ ಕೆನ್ಯಾದ ಉತ್ತರ ಭಾಗದಲ್ಲಿ ಕೊಳವೆಬಾವಿಗಳ ಪಂಪು, ಜನರೇಟರುಗಳನ್ನು ದುರಸ್ತಿ ಮಾಡುತ್ತ ಅಲೆದ ದಿನಗಳ ಬಗ್ಗೆ ಯಾರಾದರೂ ಕೇಳಿದರೆ, ಅವರು ನಿರೀಕ್ಷಿಸುವ ಆನೆ, ಸಿಂಹ, ಮರುಭೂಮಿಗಳಿಗಿಂತ ಮೊದಲು ನನ್ನ ಕಣ್ಣ ಮುಂದೆ ಬಂದು ನಿಲ್ಲುವುದು ಆ ಮೂರು ಗೆರೆಗಳು.

ನೈರೋಬಿಯಿಂದ ಹೊರಟರೆ ಮೌಂಟ್ ಕೆನ್ಯಾದ ಮಗ್ಗುಲಿನ ನನ್ಯುಕಿ, ತಿಮಾವುಗಳವರೆಗೆ ಹಸಿರು ಹೊಲಗಳ ನಡುವಿನ ತಂಪಾದ ದಾರಿ. ತಿಮಾವು ದಾಟಿ ಇಳಿಜಾರು ಶುರುವಾಗುವ ಒಂದು ತಿರುವಿನಲ್ಲಿ ಉತ್ತರದ ಬಯಲು ಇದ್ದಕ್ಕಿದ್ದಂತೆ ಕಾಲ ಕೆಳಗೆ ತೆರೆದುಕೊಳ್ಳುತ್ತದೆ. ಗಾಡಿಯ ಕಿಟಕಿಯಿಂದ ಒಳಬರುವ ಗಾಳಿ ಹತ್ತೇ ನಿಮಿಷದಲ್ಲಿ ಬಿಸಿಯಾಗುತ್ತದೆ. ಆ ಇಳಿಜಾರಿನ ಕೊನೆಗೆ ಇಸಿಯೋಲೋ ಪಟ್ಟಣ. 2007ರಲ್ಲಿ ಟಾರು ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ಪಟ್ಟಣದ ಉತ್ತರ ತುದಿಯಲ್ಲಿದ್ದ ಪೊಲೀಸ್ ತಡೆಯ ಬಳಿ ಗಾಡಿಯ ಸಂಖ್ಯೆಯನ್ನೂ ಒಳಗಿರುವವರ ಹೆಸರುಗಳನ್ನೂ ದಪ್ಪನೆಯ ಪುಸ್ತಕವೊಂದರಲ್ಲಿ ಬರೆಸಬೇಕಿತ್ತು, ದಾರಿಯಲ್ಲಿ ದರೋಡೆಯ ಸುದ್ದಿ ಇದ್ದರೆ ಬಂದೂಕುಧಾರಿ ಪೊಲೀಸರ ಜೊತೆ ಲಾರಿಗಳ ಸಾಲಿನಲ್ಲಿ ಹೋಗಬೇಕಿತ್ತು. ಅಲ್ಲಿಂದ ಇಥಿಯೋಪಿಯಾ ಗಡಿಯ ಮೊಯಾಲೆವರೆಗೆ ಐನೂರು ಕಿಲೋಮೀಟರಿನಷ್ಟು ದೂರ. ಆದರೆ ಆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ಲಾರಿಗೆ ಮೂರು ದಿನ, ನಮ್ಮಂಥ ಸಣ್ಣ ಗಾಡಿಗೆ ಎರಡು, ಮಳೆ ಬಂದರೆ ದೇವರೇ ಗತಿ.

ಇಸಿಯೋಲೋದಿಂದ ಆಚೆಗಿನವರು ದಕ್ಷಿಣದಿಂದ ಬಂದವರನ್ನು ‘ಕೆನ್ಯಾ ಹೇಗಿದೆ?’ ಎಂದು ಕೇಳುವುದುಂಟು. ಮೊದಲ ಸಲ, ಮೊಯಾಲೆ ದಾರಿಯ ನಡುವೆ ಸಿಗುವ ಮಾರ್ಸಾಬಿಟ್ ಪಟ್ಟಣದ ಚಹಾದಂಗಡಿಯಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದಾಗ ತಮಾಷೆ ಎಂದುಕೊಂಡು ನಕ್ಕಿದ್ದೆ, ಕೇಳಿದವರು ನಗಲಿಲ್ಲ. ಬ್ರಿಟಿಷರು ಈ ಪ್ರದೇಶವನ್ನು ‘ಉತ್ತರ ಗಡಿ ಜಿಲ್ಲೆ’ ಎಂದು ಕರೆದು, 1926ರ ಸುಗ್ರೀವಾಜ್ಞೆಯೊಂದರ ಮೂಲಕ ಹೊರಗಿನವರು ಪರವಾನಗಿ ಇಲ್ಲದೆ ಒಳಬರದಂತೆ ಮುಚ್ಚಿಟ್ಟಿದ್ದರು. ಸ್ವಾತಂತ್ರ್ಯ ಬಂದ 1963ರಲ್ಲೇ ಇಲ್ಲಿ ಪ್ರತ್ಯೇಕತೆಯ ಹೋರಾಟ ಆರಂಭವಾಗಿ 1967ರವರೆಗೆ ನಡೆಯಿತು. ಆ ನಡುವೆ, 1965ರಲ್ಲಿ, ಹೊಸ ಸರ್ಕಾರವು ಹಣವನ್ನು ಬೇಗ ಫಲ ಕೊಡುವ ಫಲವತ್ತಾದ ಪ್ರದೇಶಗಳಲ್ಲೇ ಹೂಡಬೇಕೆಂಬ ಆರ್ಥಿಕ ನೀತಿಯನ್ನು ಬರೆದಿಟ್ಟುಕೊಂಡಿತು. ಕುರಿ, ಒಂಟೆ ಮೇಯಿಸುವ ಒಣನೆಲಕ್ಕೆ ರಸ್ತೆ ಏಕೆ ಎಂಬ ಆ ಲೆಕ್ಕಾಚಾರವನ್ನು ಓದಿದ ಮೇಲೆ ನನಗೆ ಆ ದಾರಿಯ ಒಂದೊಂದು ಕುಲುಕಾಟವೂ ಬೇರೆಯಾಗಿ ಕಾಣತೊಡಗಿತು. ಅಷ್ಟು ಕೆಟ್ಟ ರಸ್ತೆಯನ್ನು ನಿಸರ್ಗ ಒಂದೇ ಮಾಡಿರಲಿಲ್ಲ.

ಕುಲುಕಾಟವೆಂದೆ, ಅದನ್ನು ಸ್ವಲ್ಪ ವಿವರಿಸಬೇಕು. ಒಣ ಮಣ್ಣುರಸ್ತೆಯ ಮೇಲೆ ಗಾಡಿಗಳು ಒಂದು ಮಿತಿಗಿಂತ ಹೆಚ್ಚಿನ ವೇಗದಲ್ಲಿ ಓಡಿದಾಗ, ಎಲ್ಲೋ ಒಂದು ಸಣ್ಣ ಉಬ್ಬನ್ನು ಹತ್ತಿ ನೆಗೆದ ಚಕ್ರ ಮುಂದಕ್ಕೆ ಬಿದ್ದು ಮಣ್ಣನ್ನು ಗುದ್ದುತ್ತದೆ, ಗುದ್ದಿದ ಮಣ್ಣು ಮುಂದೆ ಮತ್ತೊಂದು ಉಬ್ಬಾಗುತ್ತದೆ, ಹಿಂದೆ ಬಂದ ಗಾಡಿಯೂ ಅದೇ ಜಾಗದಲ್ಲಿ ನೆಗೆದು ಅದನ್ನು ಇನ್ನಷ್ಟು ಆಳ ಮಾಡುತ್ತದೆ. ಹೀಗೆ ಅರ್ಧ ಮೀಟರಿಗೊಂದರಂತೆ, ಬಟ್ಟೆ ಒಗೆಯುವ ಗೀರುಹಲಗೆಯ ಹಾಗೆ, ಅಲೆಅಲೆಯಾದ ರಸ್ತೆ ನೂರಾರು ಕಿಲೋಮೀಟರ್ ಹಬ್ಬಿಕೊಂಡಿತ್ತು. ನಿಧಾನಕ್ಕೆ ಹೋದರೆ ಒಂದೊಂದು ಅಲೆಯನ್ನೂ ಹತ್ತಿ ಇಳಿದು ಹಲ್ಲು ಕಟಕಟಿಸುತ್ತದೆ. ಗಂಟೆಗೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ವೇಗ ಹಿಡಿದರೆ ಚಕ್ರಗಳು ಅಲೆಗಳ ತಲೆಯ ಮೇಲೇ ತೇಲಿದಂತೆ ಓಡುತ್ತವೆ. ಆ ಸುಖಕ್ಕೆ ಮಾರುಹೋಗಿ ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೂ ನೆಲದ ಹಿಡಿತವಿಲ್ಲದ ಗಾಡಿ ಮಗುಚಿಕೊಳ್ಳುತ್ತದೆ ಎಂಬುದಕ್ಕೆ ದಾರಿಬದಿಯಲ್ಲಿ ಸಾಕ್ಷಿಗಳು ಹೇರಳವಾಗಿದ್ದವು. ಸಂಜೆ ಗಾಡಿ ನಿಲ್ಲಿಸಿ ಕೆಳಗಿಳಿದ ಮೇಲೂ ಬಹಳ ಹೊತ್ತು ಅಂಗೈಗಳಲ್ಲಿ ಆ ನಡುಕ ಉಳಿದಿರುತ್ತಿತ್ತು. ಚಹಾದ ಲೋಟ ಹಿಡಿದರೆ ಚಹಾ ತುಳುಕುತ್ತಿತ್ತು.

ನಮ್ಮದು ಲ್ಯಾಂಡ್ ಕ್ರೂಸರ್, 4.2 ಲೀಟರ್ ಡೀಸೆಲ್ ಎಂಜಿನ್ನಿನ ಹಳೆಯ ಮಾದರಿ. ಎಂಜಿನ್ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಡುತ್ತಿದ್ದುದು ಅದಕ್ಕೆ ಜೋಡಿಸಿದ ಉಳಿದೆಲ್ಲವೂ: ಸಡಿಲಗೊಳ್ಳುವ ನಟ್ಟುಗಳು, ಸೀಳುವ ಪಟ್ಟಿಗಳು, ಸೋರುವ ಶಾಕ್ ಅಬ್ಸಾರ್ಬರುಗಳು. ಚಾಲಕ ನನಗಿಂತ ಇಪ್ಪತ್ತು ವರ್ಷ ಹಿರಿಯ, ಬೊರಾನಾ ಸಮುದಾಯದವರು. ಹಿರಿಯರನ್ನು ಅಲ್ಲಿ ಗೌರವದಿಂದ ಕರೆಯುವಂತೆ ನಾನೂ ಅವರನ್ನು ‘ಮ್ಜೀ’ ಎನ್ನುತ್ತಿದ್ದೆ; ಅವರು ನನ್ನನ್ನು ‘ಫುಂದಿ’ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಫುಂದಿ ಎಂದರೆ ಕೈಕೆಲಸ ಬಲ್ಲವನು. ಬಡಗಿಯೂ ಫುಂದಿ, ದರ್ಜಿಯೂ ಫುಂದಿ, ಮೆಕ್ಯಾನಿಕ್ಕೂ ಫುಂದಿ. ಎಂಜಿನಿಯರ್ ಎನಿಸಿಕೊಂಡು ಹೋದವನಿಗೆ ಮೊದಮೊದಲು ಅದು ಸ್ವಲ್ಪ ಚುಚ್ಚಿತ್ತು, ಒಂದು ವರ್ಷ ಕಳೆದ ಮೇಲೆ ಅದನ್ನು ಮರ್ಯಾದೆಯೆಂದೇ ಸ್ವೀಕರಿಸಿದೆ. (ಅದೇ ಭಾಷೆಯಲ್ಲಿ ವಾಹನಕ್ಕೆ ‘ಗಾರಿ’ ಎನ್ನುತ್ತಾರೆ, ಅದು ನಮ್ಮ ಗಾಡಿಯೇ. ನಾನು ಪ್ರಯತ್ನವಿಲ್ಲದೆ ಕಲಿತ ಮೊದಲ ಸ್ವಾಹಿಲಿ ಪದ.)

ಮ್ಜೀ ಅವರ ಕೈಚಳಕವೊಂದನ್ನು ಹೇಳದೆ ಮುಂದೆ ಹೋಗಲಾರೆ. ಆರ್ಚರ್ಸ್ ಪೋಸ್ಟ್ ದಾಟಿ, ಓಲೋಲೋಕ್ವೆಯ ಚಪ್ಪಟೆ ತಲೆಯ ಬಂಡೆಬೆಟ್ಟ ಎಡಗಡೆಗೆ ಕಾಣುತ್ತಿದ್ದಾಗ, ಹಿಂದಿನಿಂದ ಡೀಸೆಲ್ ವಾಸನೆ ಬಂತು. ಸಿಡಿದ ಕಲ್ಲೊಂದು ಟ್ಯಾಂಕಿನ ತಳವನ್ನು ಬೆರಳುದ್ದ ಬಿರುಕುಬಿಡಿಸಿತ್ತು. ನಾನು ಪೆಟ್ಟಿಗೆ ತೆರೆದು ಎರಡು ಬಗೆಯ ಅಂಟುಗಳನ್ನು ಹೊರತೆಗೆದು, ಯಾವುದನ್ನು ಕಲೆಸಬೇಕು, ಎಷ್ಟು ಹೊತ್ತು ಒಣಗಬೇಕು ಎಂದು ಡಬ್ಬಿಯ ಮೇಲಿನ ಸೂಚನೆ ಓದುತ್ತಿದ್ದೆ. ಅಷ್ಟರಲ್ಲಿ ಅವರು ಬಟ್ಟೆ ಒಗೆಯುವ ಸೋಪಿನ ಬಿಲ್ಲೆಯನ್ನು ಹಿಡಿದು ಗಾಡಿಯ ಕೆಳಗೆ ನುಸುಳಿ, ಬಿರುಕಿನ ಉದ್ದಕ್ಕೂ ಅದನ್ನು ಒತ್ತಿ ಒತ್ತಿ ಉಜ್ಜಿದರು. ಹನಿ ನಿಂತಿತು. ಡೀಸೆಲ್ಲಿನಲ್ಲಿ ಸೋಪು ಸುಲಭವಾಗಿ ಕರಗದು. ಒದ್ದೆ ಲೋಹಕ್ಕೆ ನನ್ನ ಅಂಟು ಹಿಡಿಯುತ್ತಲೇ ಇರಲಿಲ್ಲ. ಆ ಸೋಪಿನ ಮೇಲೆಯೇ ನಾವು ಮಾರ್ಸಾಬಿಟ್ಟಿಗೆ ಹೋಗಿ, ಅಲ್ಲಿ ವೆಲ್ಡಿಂಗ್ ಮಾಡಿಸಿದೆವು. ಪಟ್ಟಿಗೆ ಅಂದು ಸೇರಿದ ಹತ್ತೊಂಬತ್ತನೆಯ ವಸ್ತು: ಸೋಪು.

ಲುಗ್ಗಾ ಎಂಬ ಪದವನ್ನೂ ಅಲ್ಲೇ ಕಲಿತೆ. ವರ್ಷದ ಹೆಚ್ಚಿನ ಕಾಲ ಬರೀ ಮರಳಾಗಿರುವ ಹೊಳೆಯ ಪಾತ್ರವನ್ನು ಹಾಗೆ ಕರೆಯುತ್ತಾರೆ. ಮಾರ್ಚಿಯಿಂದ ಮೇ ತನಕ ದೊಡ್ಡ ಮಳೆ, ಅಕ್ಟೋಬರಿನಿಂದ ಡಿಸೆಂಬರ್ ತನಕ ಸಣ್ಣ ಮಳೆ ಎಂದು ಪುಸ್ತಕದಲ್ಲಿದೆ. ಆ ಮಳೆ ನೀವು ನಿಂತಿರುವ ಜಾಗದಲ್ಲೇ ಬೀಳಬೇಕೆಂದಿಲ್ಲ. 2009ರ ಕೊನೆಯಲ್ಲಿ ಒಂದು ಮಧ್ಯಾಹ್ನ, ತಲೆಯ ಮೇಲೆ ಒಂದು ತುಣುಕು ಮೋಡವೂ ಇಲ್ಲದಿರುವಾಗ, ಮೆರಿಲೆಯ ಲುಗ್ಗಾದ ದಂಡೆಯಲ್ಲಿ ಆರು ಲಾರಿಗಳು ನಿಂತಿದ್ದವು. ದಾಟಲು ಯಾವ ಅಡ್ಡಿಯೂ ಕಾಣದ ಒಣ ಮರಳು. ಏಕೆ ನಿಂತಿದ್ದೀರಿ ಎಂದು ಕೇಳಿದರೆ ಲಾರಿಯವನೊಬ್ಬ ಪಶ್ಚಿಮದ ಬೆಟ್ಟಗಳ ಕಡೆಗೆ ಗದ್ದ ಎತ್ತಿ ತೋರಿಸಿ ಸುಮ್ಮನಾದ. ಕಾಲು ಗಂಟೆಯಲ್ಲಿ ಮೊದಲು ಸದ್ದು ಬಂತು, ಜಲ್ಲಿಕಲ್ಲು ಸುರಿದ ಹಾಗೆ. ಆಮೇಲೆ ಮೊಣಕಾಲೆತ್ತರದ ಕಂದು ನೊರೆಯ ಗೋಡೆಯೊಂದು, ಕಡ್ಡಿ, ಒಣಸಗಣಿ, ಒಂದು ಹರಿದ ಚಪ್ಪಲಿಯನ್ನು ಉರುಳಿಸಿಕೊಂಡು ತಿರುವಿನಿಂದ ಬಂತು. ಅರ್ಧ ಗಂಟೆಯಲ್ಲಿ ಲಾರಿ ಮುಳುಗುವಷ್ಟು ನೀರು. ಆ ರಾತ್ರಿಯನ್ನೂ ಮರುದಿನ ಮಧ್ಯಾಹ್ನದವರೆಗಿನ ಹೊತ್ತನ್ನೂ ನಾವು ದಂಡೆಯಲ್ಲೇ ಕಳೆದೆವು. ನೀರಿಗಾಗಿ ಕೊಳವೆಬಾವಿ ದುರಸ್ತಿ ಮಾಡಲು ಹೊರಟವನನ್ನು ನೀರೇ ತಡೆದು ಕೂರಿಸಿದ್ದನ್ನು ಮ್ಜೀ ವರ್ಷಗಟ್ಟಲೆ ಎಲ್ಲರಿಗೂ ಹೇಳಿ ನಗುತ್ತಿದ್ದರು.

ಮಾರ್ಸಾಬಿಟ್ ಬೆಟ್ಟದ ಬಗ್ಗೆ ಹೇಳುವುದಕ್ಕೆ ಕೂತರೆ ಬೇರೆಯದೇ ಬರಹವಾದೀತು. ಕಾದ ಕಲ್ಲುಬಯಲಿನ ನಡುವೆ ಸುಮಾರು 1,700 ಮೀಟರ್ ಎತ್ತರಕ್ಕೆ ಎದ್ದ ಹಳೆಯ ಜ್ವಾಲಾಮುಖಿ, ಮೇಲೆ ಕಾಡು, ಬೆಳಿಗ್ಗೆ ಹತ್ತಡಿ ಮುಂದಿನದು ಕಾಣದಷ್ಟು ಮಂಜು. 1970ರಲ್ಲಿ ಅಧ್ಯಕ್ಷ ಜೋಮೋ ಕೆನ್ಯಾಟ್ಟಾ ವಿಶೇಷ ಆಜ್ಞೆ ಹೊರಡಿಸಿ ಕಾಪಾಡಿದ ಉದ್ದ ದಂತದ ಆನೆ ಅಹ್ಮದ್ ಈ ಕಾಡಿನದೇ. 1974ರಲ್ಲಿ ಅದು ಸತ್ತಿತು. ಒಂದು ಆನೆಗೆ ಆಜ್ಞೆ ಬಂದ ಊರಿಗೆ ಟಾರು ಬರಲು ಇನ್ನೂ ನಾಲ್ಕು ದಶಕಗಳು ಬೇಕಾದವು ಎಂದು ಅಲ್ಲಿಯವರು ಹೇಳಿದರೆ ನನ್ನ ಬಳಿ ಮರುಮಾತಿರಲಿಲ್ಲ.

ಬೆಟ್ಟದಿಂದ ವಾಯವ್ಯಕ್ಕೆ ಇಳಿದರೆ ಚಾಲ್ಬಿ. ಎಂದೋ ಸರೋವರವಾಗಿದ್ದು ಈಗ ಉಪ್ಪಿನ ಹೆಪ್ಪುಗಟ್ಟಿದ ಬಿಳಿಯ ಬಯಲು. ಅದರ ಅಂಚಿನ ತೋಡುಬಾವಿಗಳ ನೀರು ಉಪ್ಪುಪ್ಪು. ಪ್ರಾಣಿಗಳು ಕುಡಿಯುತ್ತವೆ, ಮನುಷ್ಯರು ಬೇರೆ ದಾರಿಯಿಲ್ಲದಾಗ ಕುಡಿಯುತ್ತಾರೆ. ಅದರ ಅಂಚಿನಿಂದ ಹೂರಿ ಬೆಟ್ಟಗಳ ಕಡೆಗೆ ಸ್ವಲ್ಪ ಮೇಲಕ್ಕಿದ್ದ ಗಬ್ರಾ ಜನರ ಒಂದು ವಸತಿಯಲ್ಲಿ ನೂರೈವತ್ತು ಮೀಟರ್ ಆಳದಲ್ಲಿ ಇಳಿಬಿಟ್ಟಿದ್ದ ಪಂಪಿನ ಮೋಟಾರು ಸುಟ್ಟುಹೋಗಿದೆಯೆಂಬ ಸುದ್ದಿ ರೇಡಿಯೋದಲ್ಲಿ ಬಂದಿತ್ತು. 2011ರ ಆ ತಿಂಗಳುಗಳಲ್ಲಿ ಇಡೀ ಪ್ರದೇಶ ದಶಕಗಳಲ್ಲೇ ಕಾಣದ ಬರದಲ್ಲಿತ್ತು. ನಾವು ಹೊಸ ಪಂಪು, ಮೋಟಾರು, ಕೇಬಲ್ಲು, ಮುಕ್ಕಾಲಿ, ಚೈನ್ ಬ್ಲಾಕು, ಪೈಪ್ ಪಾನಾ, ಜನರೇಟರಿಗೆಂದು ಒಂದು ಡ್ರಮ್ಮು ಡೀಸೆಲ್ ಹೇರಿಕೊಂಡು ಹೊರಟೆವು. ಲಾವಾ ಕಲ್ಲುಗಳು ಎರಡು ಟೈರುಗಳನ್ನು ಸೀಳಿದವು. ಆ ಟೈರುಗಳನ್ನು ರಿಮ್ಮಿನಿಂದ ಬಿಡಿಸಿ, ಒಳಗಿನಿಂದ ಹಳೆಯ ಟೈರಿನ ತುಂಡಿಟ್ಟು, ಟ್ಯೂಬಿಗೆ ತೇಪೆ ಹಾಕಿ, ಕಾಲಿನಿಂದ ತುಳಿಯುವ ಪಂಪಿನಲ್ಲಿ ಗಾಳಿ ತುಂಬುವುದರಲ್ಲಿ ಒಂದು ಇಡೀ ಹಗಲು ಕಳೆಯಿತು. ಬಯಲಿನಲ್ಲಿ ಒಂದು ಕಡೆ ಉಪ್ಪಿನ ಪದರ ಕುಸಿದು ಹಿಂದಿನ ಚಕ್ರಗಳು ಕೆಸರಿನಲ್ಲಿ ಅಚ್ಚಿನ ತನಕ ಹೂತವು. ಅದೊಂದು ಅರ್ಧ ದಿನ. ಇದೆಲ್ಲ ಆ ದಾರಿಯ ಮಾಮೂಲಿ ಕಂದಾಯ, ಅದರ ಬಗ್ಗೆ ನನಗೆ ದೂರಿಲ್ಲ.

ಊರವರು ನಾವು ತಲುಪುವ ಮೊದಲೇ ಸೇರಿದ್ದರು. ಮೂರು ಮೀಟರಿನ ಒಂದೊಂದು ಕಬ್ಬಿಣದ ಪೈಪನ್ನು ಎತ್ತಿ, ಕ್ಲಾಂಪು ಬಿಗಿದು, ಬಿಚ್ಚಿ, ಪಕ್ಕಕ್ಕಿಡುತ್ತ, ಹತ್ತು ಹನ್ನೆರಡು ಮಂದಿ ತರುಣರ ತೋಳಿನ ಬಲದಲ್ಲಿ ಐವತ್ತು ಪೈಪುಗಳನ್ನೂ ಸಂಜೆಯ ಹೊತ್ತಿಗೆ ಮೇಲಕ್ಕೆತ್ತಿದೆವು. ಮರುದಿನ ಬೆಳಿಗ್ಗೆ ಕೇಬಲ್ ಜೋಡಿಸಿ, ಹೊಸ ಪಂಪನ್ನು ಮೊದಲ ಪೈಪಿಗೆ ಹಿಡಿದು ತಿರುಗಿಸಲು ಹೋದೆ. ಅದು ಕೂರಲಿಲ್ಲ. ಹಳೆಯ ಪಂಪಿನ ಬಾಯಿ ಎರಡು ಇಂಚು, ಪೈಪೂ ಎರಡು ಇಂಚು. ನಾನು ತಂದಿದ್ದ ಹೊಸ ಪಂಪಿನ ಬಾಯಿ ಒಂದೂವರೆ ಇಂಚು. ನಡುವೆ ಎರಡೂ ಅಳತೆಗಳನ್ನು ಜೋಡಿಸುವ ಒಂದು ರೆಡ್ಯೂಸರ್ ಬೇಕು. ಅದು ಮಾರ್ಸಾಬಿಟ್ಟಿನ ಗೋದಾಮಿನಲ್ಲಿ, ನಾನೇ ಎತ್ತಿಟ್ಟ ಮೇಜಿನ ಮೇಲೆ ಇತ್ತು. ಅದನ್ನು ಅಲ್ಲಿಟ್ಟ ಕ್ಷಣ ನನಗೆ ಅಷ್ಟು ದೂರದಲ್ಲಿ ನಿಂತೇ ಸ್ಪಷ್ಟವಾಗಿ ಕಾಣಿಸಿತು. ಯಾರೋ ಕರೆದರೆಂದು ತಿರುಗಿದ್ದೆ.

ಮುಷ್ಟಿಯಲ್ಲಿ ಅಡಗುವಷ್ಟು ಕಬ್ಬಿಣ. ಏನಾದರೂ ಸುತ್ತಿ, ಬೆಸೆದು, ತುರುಕಿ ನೋಡೋಣವೆಂದರೆ ನೂರೈವತ್ತು ಮೀಟರ್ ಎತ್ತರದ ನೀರಿನ ಒತ್ತಡ, ಅಂದರೆ ಹದಿನೈದು ಬಾರ್, ಆ ಜೋಡಣೆಯ ಮೇಲೆ ಬೀಳುತ್ತದೆ. ಸೋಪಿನ ವಿದ್ಯೆ ಅಲ್ಲಿ ನಡೆಯದು. ಮರಳಿ ಹೋಗಿ ತರೋಣವೆಂದರೆ ಗಾಡಿಯಲ್ಲಿದ್ದ ಡೀಸೆಲ್ ಒಂದು ಸಲ ಹಿಂತಿರುಗಲು ಮಾತ್ರ ಸಾಲುತ್ತಿತ್ತು, ಡ್ರಮ್ಮಿನದು ಜನರೇಟರಿನ ಪಾಲು. ರೇಡಿಯೋದಲ್ಲಿ ಮಾರ್ಸಾಬಿಟ್ಟಿಗೆ ಹೇಳಿದೆವು. ಈ ಕಡೆಗೆ ಬರುವ ಮುಂದಿನ ಲಾರಿಯಲ್ಲಿ ಕಳಿಸುತ್ತೇವೆಂಬ ಉತ್ತರ ಬಂತು. ಮುಂದಿನ ಲಾರಿ ಯಾವಾಗ ಎಂಬುದು ಆ ಉತ್ತರದಲ್ಲಿ ಇರಲಿಲ್ಲ.

ಊರಿನ ಹಿರಿಯರೊಬ್ಬರು ಬಂದು, ಮೊದಲು ನೆಮ್ಮದಿ ವಿಚಾರಿಸಿದರು. ಅಲ್ಲಿ ಮಾತು ಶುರುವಾಗುವುದೇ ಹಾಗೆ: ನೆಮ್ಮದಿಯೇ, ಮನೆಯವರು ನೆಮ್ಮದಿಯೇ, ದಾರಿ ನೆಮ್ಮದಿಯೇ ಎಂದು. ‘ನಗಾ’, ‘ನಗಾ’ ಎಂದು ತಲೆ ತಗ್ಗಿಸಿಕೊಂಡೇ ಉತ್ತರಿಸಿದೆ. ಆಮೇಲೆ ಅವರು ಮ್ಜೀ ಅವರ ಮೂಲಕ ಕೇಳಿದ್ದು ಒಂದೇ ಪ್ರಶ್ನೆ.

“ಯಾವ ದಿನ, ಫುಂದಿ?”

ನನ್ನ ಬಾಯಿಂದ ಬಂದದ್ದು ಸ್ವಾಹಿಲಿಯ “ಲಬ್ದಾ ಕೇಶೋ”, ಬಹುಶಃ ನಾಳೆ. ಮ್ಜೀ ಅದನ್ನು ಬೊರಾನಾ ಭಾಷೆಗೆ ತಿರುಗಿಸದೆ ನನ್ನ ಮುಖ ನೋಡಿದರು. ಆ ನೋಟಕ್ಕೆ ಕಾರಣ ತಿಳಿದದ್ದು ಅವರು ವಿವರಿಸಿದ ಮೇಲೆ. ನೀರು ಕುಡಿದು ಹತ್ತು ಹನ್ನೊಂದು ದಿನಗಳಾಗಿದ್ದ ಒಂಟೆಗಳನ್ನು ಪಂಪು ನಾಳೆ ಸರಿಹೋಗುತ್ತದೆಂಬ ನಂಬಿಕೆಯಲ್ಲಿ ಮೇವಿನ ನೆಲದಿಂದ ನಡೆಸಿಕೊಂಡು ಬಂದಿದ್ದರು. ‘ನಾಳೆ’ ಎಂಬುದು ನಿಜವಾದರೆ ನಿಲ್ಲಿಸಿಕೊಳ್ಳಬಹುದು. ನಿಜವಲ್ಲದಿದ್ದರೆ ಎರಡು ದಿನದ ದಾರಿಯ ಇನ್ನೊಂದು ಬಾವಿಗೆ ಈಗಲೇ ಹೊರಡಿಸಬೇಕು. ನಡುವಿನ ಉತ್ತರ, ಅಂದರೆ ನಾನು ಕೊಟ್ಟ ಉತ್ತರ, ಒಂಟೆಗಳನ್ನು ಕೊಲ್ಲುತ್ತದೆ. “ಗೊತ್ತಿಲ್ಲ ಎಂದು ಹೇಳಿ, ಮ್ಜೀ,” ಎಂದೆ. ಹೇಳಿದರು. ಹಿರಿಯರು ಸರಿಯೆಂದು ತಲೆದೂಗಿ, ಗದರದೆ, ಆಡುಗಳನ್ನು ಉಪ್ಪುನೀರಿನ ತೋಡುಬಾವಿಯ ಕಡೆಗೆ, ಒಂಟೆಗಳನ್ನು ಆ ದೂರದ ಬಾವಿಯ ಕಡೆಗೆ ಕಳಿಸುವ ಏರ್ಪಾಡಿಗೆ ಎದ್ದುಹೋದರು. ಸಂಜೆ ಒಂಟೆಗಳ ಸಾಲು ಹೊರಟಿತು. ಅವುಗಳ ಕೊರಳಿನ ಮರದ ಗಂಟೆಗಳ ಟೊಕಟೊಕ ಸದ್ದು ಕತ್ತಲಾದ ಮೇಲೂ ಬಹಳ ಹೊತ್ತು ಕೇಳಿಸುತ್ತಿತ್ತು.

ರೆಡ್ಯೂಸರ್ ನಾಲ್ಕನೆಯ ದಿನ ಬಂತು, ಲಾರಿ ಚಾಲಕನ ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. ಅಂದು ರಾತ್ರಿಯೇ ನೀರು ಬಂತು. ಹಳದಿ ಜೆರಿಕ್ಯಾನುಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಹೆಂಗಸರು ಬಂದರು, ಹಾಡಿದರು, ನನ್ನ ಕೈ ಕುಲುಕಿದರು. ಆ ನಾಲ್ಕು ದಿನ ಅವರು ಉಪ್ಪುನೀರು ಕುಡಿದದ್ದು ನನ್ನ ಮರೆವಿನಿಂದ ಎಂಬುದನ್ನು ಅವರಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು ಎಂದು ಇಂದಿಗೂ ಅನಿಸುತ್ತದೆ.

ಇಂಥ ಪ್ರಯಾಣಗಳನ್ನು ನೆನೆದು ಬರೆಯುವವರು ‘ಆ ದಾರಿಯ ಸೊಗಸೇ ಬೇರೆ, ಈಗ ಟಾರು ಬಂದು ಎಲ್ಲ ಹೋಯಿತು’ ಎಂದು ಹಲುಬುವುದನ್ನು ನೋಡಿದ್ದೇನೆ. ನನಗೆ ಆ ಮಾತು ರುಚಿಸುವುದಿಲ್ಲ. ನಮಗೆ ಗಾಡಿಯಿತ್ತು, ರೇಡಿಯೋ ಇತ್ತು, ತೀರಾ ಸಂಕಟ ಬಂದರೆ ವಿಮಾನ ಕಳಿಸಿ ಎತ್ತಿಕೊಳ್ಳುವವರಿದ್ದರು. ಅದೇ ದಾರಿಯಲ್ಲಿ ದನ ತುಂಬಿದ ಲಾರಿಗಳ ಮೇಲಿನ ಕಬ್ಬಿಣದ ಸರಳುಗಳಿಗೆ ಕೈಕೊಟ್ಟು, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಎರಡು ಹಗಲು ಎರಡು ರಾತ್ರಿ ಕೂತು ಆಸ್ಪತ್ರೆಗೆ ಹೋಗುತ್ತಿದ್ದ ತುಂಬು ಗರ್ಭಿಣಿಯರನ್ನು ನಾವು ದಾಟಿಕೊಂಡು ಹೋಗುತ್ತಿದ್ದೆವು. ಹಿಂದಕ್ಕೆ ತಿರುಗಿ ನೋಡಿದರೆ ಅವರ ಮೇಲೆ ನಮ್ಮ ಧೂಳು ಬೀಳುತ್ತಿರುವುದು ಕಾಣುತ್ತಿತ್ತು.

ನಾನು ಕೆಲಸ ಬಿಡುವ ಹೊತ್ತಿಗೆ ಇಸಿಯೋಲೋದಿಂದ ಮೆರಿಲೆವರೆಗಿನ 136 ಕಿಲೋಮೀಟರ್ ಟಾರು ಮುಗಿದಿತ್ತು. ಉಳಿದದ್ದು ತುಂಡುತುಂಡಾಗಿ ಸೇರಿ ಕೆಲವೇ ವರ್ಷಗಳಲ್ಲಿ ಮೊಯಾಲೆ ಮುಟ್ಟಿತು. 2018ರಲ್ಲಿ ಬೇರೊಂದು ಕೆಲಸದ ಮೇಲೆ ಹೋದಾಗ ಇಸಿಯೋಲೋದಿಂದ ಮಾರ್ಸಾಬಿಟ್ಟಿಗೆ ಮೂರು ಗಂಟೆ ಸಾಕಾಯಿತು. ಮೆರಿಲೆಯಲ್ಲಿ ಸೇತುವೆ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದಕ್ಕೆ ತಿರುಗಿ ಲುಗ್ಗಾದ ಮರಳನ್ನು ಗುರುತಿಸಿಕೊಂಡೆ. ಮ್ಜೀ ನಿವೃತ್ತರಾಗಿ ಮೊಯಾಲೆಯ ಕಡೆ ಮಗನ ಮನೆಯಲ್ಲಿದ್ದರು. ಫೋನಿನಲ್ಲಿ ಸಿಕ್ಕರು, ನೆಮ್ಮದಿ ವಿಚಾರಿಸುವುದು ಮುಗಿಯುವ ಮುನ್ನವೇ “ಸೋಪು ಇಟ್ಟುಕೊಂಡಿದ್ದೀಯಾ, ಫುಂದಿ?” ಎಂದರು.

ಈ ಸಲದ ಚಾಲಕ ಇಪ್ಪತ್ತೈದರ ಹುಡುಗ. ಇಸಿಯೋಲೋದ ಪೆಟ್ರೋಲ್ ಬಂಕಿನಲ್ಲಿ ನಾನು ಪೆಟ್ಟಿಗೆಯನ್ನು ಕೆಳಗಿಳಿಸಿ, ಮುಚ್ಚಳ ತೆರೆದು, ಪಟ್ಟಿ ನೋಡುತ್ತ ಒಂದೊಂದನ್ನೇ ಎಣಿಸತೊಡಗಿದಾಗ ಅವನು ಗಡಿಯಾರ ನೋಡಿಕೊಂಡ. ಏನಾದರೂ ಮರೆತಿದ್ದರೆ ಮಾರ್ಸಾಬಿಟ್ಟಿನ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ, ಸಿಗದಿದ್ದರೆ ನೈರೋಬಿಗೆ ಫೋನ್ ಮಾಡಿದರೆ ರಾತ್ರಿ ಬಸ್ಸಿನಲ್ಲಿ ಹಾಕಿ ಕಳಿಸುತ್ತಾರೆ, ಬೆಳಿಗ್ಗೆ ಕೈ ಸೇರುತ್ತದೆ ಎಂದು ವಿನಯದಿಂದಲೇ ಹೇಳಿದ. ಅವನು ಹೇಳಿದ್ದು ನಿಜವಿತ್ತು. ಹೌದಪ್ಪ ಎಂದು ಒಪ್ಪಿಕೊಂಡೇ ಮೂವತ್ತೊಂದನೆಯ ಸಾಲಿನವರೆಗೂ ಎಣಿಸಿದೆ. ಎರಡೂ ಇದ್ದವು.